ಓಡುವಾಗ ಮೈ ಕುದಿಯುತ್ತಿದ್ದರೆ ಮೊದಲು ಅಂಗಿ ನೋಡಿ

ವಿಜಯಪುರದ ಮೈದಾನಗಳಲ್ಲಿ ಬೆಳಗಿನ 5 ಗಂಟೆಗೇ ಕಾಲಿನ ಸಪ್ಪಳ ಶುರುವಾಗುತ್ತದೆ. ಪೊಲೀಸ್ ಭರ್ತಿ, ಸೈನ್ಯದ ಭರ್ತಿ ಅಂತ 1600 ಮೀಟರ್ ಓಟಕ್ಕೆ ತಯಾರಾಗುವ ಹುಡುಗ ಹುಡುಗಿಯರು, ಶುಗರ್ ಬಂದಿದೆ ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿ ಕಳಿಸಿದವರು, ಕತ್ತಲಿರುವಾಗಲೇ ಸೈಕಲ್ ಹತ್ತಿ ಸೊಲ್ಲಾಪುರ ರಸ್ತೆ ಹಿಡಿಯುವವರು. ಇವರ ನಡುವೆ ಓಡಾಡಿಕೊಂಡಿರುವ ನನಗೆ ಮಾರ್ಚ್ ಮುಗಿಯುತ್ತಿದ್ದಂತೆ ಒಂದೇ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಮೈ ಕುದಿಯಾಕತ್ತೈತ್ರಿ ಸರ, ಇವತ್ತ ಆಗೂದಿಲ್ಲ." ಹೀಗೆ ಹೇಳಿದವರಿಗೆ ತಾಕತ್ತು ಕಮ್ಮಿ ಎಂದು ನಾನು ಅಂದುಕೊಳ್ಳುವುದಿಲ್ಲ. ಮೊದಲು ಅವರು ಹಾಕಿಕೊಂಡ ಬಟ್ಟೆ ಮುಟ್ಟಿ ನೋಡುತ್ತೇನೆ. ಎಷ್ಟೋ ಸಲ ದೋಷ ಅಲ್ಲೇ ಸಿಗುತ್ತದೆ.

ದೋಷ ಹುಡುಕುವ ಮುಂಚೆ ಒಂದು ಮಾತು ತಿಳಿದಿರಬೇಕು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ? ಗಡಿಗೆಯ ಮೈಯಿಂದ ನೀರು ಜಿನುಗಿ, ಗಾಳಿಗೆ ಆರುತ್ತದೆ. ಆರುವಾಗ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಅದೇ ಗಡಿಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿಡಿ, ಸಂಜೆಗೆ ನೀರು ಬೆಚ್ಚಗಾಗಿರುತ್ತದೆ. ನಮ್ಮ ಮೈಯೂ ಗಡಿಗೆಯೇ. ಬೆವರು ಬರುವುದರಿಂದ ಮೈ ತಣಿಯುವುದಿಲ್ಲ, ಬೆವರು ಆರುವುದರಿಂದ ತಣಿಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು, ಅಂಗಿಯೊಳಗೆ ಸಿಕ್ಕಿಬಿದ್ದ ಬೆವರು ಎರಡೂ ಲೆಕ್ಕಕ್ಕಿಲ್ಲ.

60 ಕೆಜಿ ತೂಕದವರು 10 ಕಿಲೋಮೀಟರ್ ಓಡಿದರೆ ಸುಮಾರು 600 ಕಿಲೋಕ್ಯಾಲರಿ ಖರ್ಚಾಗುತ್ತದೆ. ಅದರ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ಶಾಖವಾಗಿ ಮೈಯಲ್ಲೇ ಹುಟ್ಟುತ್ತದೆ. 1 ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಅಂದರೆ ಆರುವ ದಾರಿ ತೆರೆದಿದ್ದರೆ ಒಂದು ಲೀಟರಿನೊಳಗೇ ಕೆಲಸ ಮುಗಿಯುತ್ತದೆ. ದಾರಿ ಮುಚ್ಚಿದರೆ ಎರಡು ಲೀಟರ್ ಸುರಿಸಿದರೂ ಮೈ ಕಾಯುತ್ತಲೇ ಇರುತ್ತದೆ. ಇನ್ನೊಂದು ಸಂಗತಿ: ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ. ಏಪ್ರಿಲ್-ಮೇ ತಿಂಗಳ ನಮ್ಮ ಮಧ್ಯಾಹ್ನದ 40 ಡಿಗ್ರಿ ಗಾಳಿ ಮೈಗೆ ಬಡಿದರೆ ಬಿಸಿಯನ್ನು ಒಯ್ಯುವುದಿಲ್ಲ, ತಂದು ಹಾಕುತ್ತದೆ. ಆಗ ಬೆವರು ಆರುವುದೊಂದೇ ಉಳಿದ ದಾರಿ.

## ಈ ಲಕ್ಷಣ ಕಂಡರೆ ಮುಂದೆ ಓದಬೇಡಿ, ಕೆಲಸ ಮಾಡಿ

ಓಡುತ್ತಿದ್ದವರು ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ, ಕುಡಿದವರಂತೆ ತೂರಾಡಿದರೆ, ಸುಮ್ಮಸುಮ್ಮನೆ ಸಿಟ್ಟಿಗೆದ್ದರೆ, ಬಿದ್ದರೆ, ಫಿಟ್ಸ್ ಬಂದರೆ ಅದನ್ನು ಶಾಖಾಘಾತ ಎಂದೇ ತಿಳಿಯಬೇಕು. ಒಳಮೈಯ ಉಷ್ಣತೆ 40 ಡಿಗ್ರಿ ದಾಟಿ ಮಿದುಳಿಗೆ ತಾಗಿದೆ ಎಂದು ಇದರ ಅರ್ಥ. "ಬೆವರು ಬರಾಕತ್ತೈತಲ್ಲ, ಏನೂ ಆಗಂಗಿಲ್ಲ" ಎಂಬ ಮಾತು ಕೇಳಬೇಡಿ. ಬಿಸಿಲಲ್ಲಿ ಸುಮ್ಮನೆ ಕೂತ ಮುದುಕರಿಗೆ ಶಾಖಾಘಾತವಾದಾಗ ಚರ್ಮ ಒಣಗಿರಬಹುದು. ಓಡಿ ಬಿದ್ದವರ ಮೈ ಮಾತ್ರ ಬೆವರಿನಿಂದ ಒದ್ದೆಯಾಗಿಯೇ ಇರಬಹುದು.

108ಕ್ಕೆ ಒಬ್ಬರು ಫೋನ್ ಮಾಡಲಿ. ಉಳಿದವರು ನೆರಳಿಗೆ ಎಳೆದು, ಬೂಟು, ಸಾಕ್ಸು, ಜರ್ಕಿನ್, ಬಿಗಿ ಪ್ಯಾಂಟು ಬಿಚ್ಚಬೇಕು. ಬಿಚ್ಚಲು ಬಾರದಿದ್ದರೆ ಕತ್ತರಿಸಬೇಕು, ಬಟ್ಟೆಯ ಮೇಲೆ ಮರುಕ ಬೇಡ. ತಣ್ಣೀರಿನ ತೊಟ್ಟಿ ಹತ್ತಿರ ಇದ್ದರೆ ಕುತ್ತಿಗೆಯವರೆಗೆ ಕೂರಿಸಿ, ತಲೆಯನ್ನು ಒಬ್ಬರು ಬಿಡದೆ ಎತ್ತಿ ಹಿಡಿಯಬೇಕು. ತೊಟ್ಟಿ ಇಲ್ಲದಿದ್ದರೆ ಕೊಡಗಟ್ಟಲೆ ನೀರು ಸುರಿಯುತ್ತಾ ಗಾಳಿ ಬೀಸಿ. ಐಸ್ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಸುವುದೇ ಜೀವ ಉಳಿಸುವ ಕೆಲಸ. ಗಾಡಿ ಬರುವವರೆಗೂ ತಣಿಸುತ್ತಿರಬೇಕು, ಗಾಡಿಯಲ್ಲೂ ತಣಿಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಗುಳಿಗೆ ಇಲ್ಲಿ ಕೆಲಸ ಮಾಡುವುದಿಲ್ಲ, ಕೊಡಬೇಡಿ.

ಎದೆನೋವಿನ ಜೊತೆ ಬರುವ ತಣ್ಣನೆ ಬೆವರೂ ಇದೇ ಸಾಲಿಗೆ ಸೇರುತ್ತದೆ. ಅದು ಅಂಗಿಯ ಸಮಸ್ಯೆ ಅಲ್ಲ, ಹೃದಯದ್ದಿರಬಹುದು. ನಿಂತು, ಕೂತು, 108 ಕರೆಯಿರಿ.

## ಅಂಗಿ ತೊಯ್ದು ಬೆನ್ನಿಗೆ ಅಂಟಿದೆ, ಆದರೂ ಧಗೆ ಇಳಿಯುತ್ತಿಲ್ಲ

ಅತಿ ಹೆಚ್ಚು ಕಾಣುವ ದೋಷ ಇದು. ಮೈ ತನ್ನ ಕೆಲಸ ಮಾಡುತ್ತಿದೆ, ಬೆವರು ಬರುತ್ತಿದೆ, ಆದರೆ ಆರುತ್ತಿಲ್ಲ. ಕಾಸು ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡೋಣ.

ಪದರ ಎಣಿಸಿ. ಬನಿಯನ್, ಅದರ ಮೇಲೆ ಟೀ ಶರ್ಟು, ಅದರ ಮೇಲೆ ಟ್ರ್ಯಾಕ್ ಜಾಕೆಟ್. ಒಂದೊಂದು ಪದರದ ನಡುವೆಯೂ ಒದ್ದೆ ಗಾಳಿ ನಿಂತುಬಿಡುತ್ತದೆ. ಬನಿಯನ್ ಬೆವರು ಹೀರುತ್ತದೆ ಎಂದು ಅದನ್ನು ಬಿಡಲು ಒಪ್ಪದವರು ಬಹಳ ಮಂದಿ. ಹೀರುತ್ತದೆ ನಿಜ, ಹೀರಿ ಇಟ್ಟುಕೊಳ್ಳುತ್ತದೆ. ನಾಳೆ ಒಂದೇ ಪದರದಲ್ಲಿ ಅದೇ ದೂರ ಓಡಿ ನೋಡಿ. ಅರ್ಧಕ್ಕರ್ಧ ಜನರ ತಕರಾರು ಇಲ್ಲೇ ಮುಗಿಯುತ್ತದೆ ಎಂಬುದು ನನ್ನ ಅನುಭವ.

ಬಿಗಿ ನೋಡಿ. ಎದೆಯ ಹತ್ತಿರ ಬಟ್ಟೆಯನ್ನು ಚಿವುಟಿ ಎಳೆಯಿರಿ, ಒಂದು ಹಿಡಿಯಷ್ಟು ಬರಬೇಕು. ಸಡಿಲ ಅಂಗಿ ಪ್ರತಿ ಹೆಜ್ಜೆಗೂ ತಿದಿಯಂತೆ ಊದಿ ಕುಗ್ಗುತ್ತದೆ. ಒಳಗಿನ ಬಿಸಿ ಗಾಳಿ ಕೊರಳಿನಿಂದ ಹೊರಗೆ, ಹೊಸ ಗಾಳಿ ಕೆಳಗಿನಿಂದ ಒಳಗೆ. ಹೊಲಕ್ಕೆ ಹೋಗುವ ನಮ್ಮ ಹಿರಿಯರ ದೊಗಲೆ ಅಂಗಿ, ಧೋತರ, ತಲೆಗೆ ಸುತ್ತಿದ ಪಟಕಾ ನೋಡಿ. ಬಿಸಿಲು ಚರ್ಮಕ್ಕೆ ನೇರ ತಾಗುವುದಿಲ್ಲ, ಗಾಳಿಗೆ ಅಡ್ಡಿಯೂ ಇಲ್ಲ. ಸಿನಾಯ್ ಮರುಭೂಮಿಯ ಅರಬ್ ಅಲೆಮಾರಿಗಳಾದ ಬೆದೂಯಿನ್ ಜನ ಕಪ್ಪು ನಿಲುವಂಗಿ ತೊಟ್ಟು ಹೇಗೆ ಬದುಕುತ್ತಾರೆ ಎಂದು ವಿಜ್ಞಾನಿಗಳು ಅಳೆದು 1980ರಲ್ಲಿ ಪ್ರಕಟಿಸಿದರು. ಕಪ್ಪು ಬಟ್ಟೆ ಹೆಚ್ಚು ಬಿಸಿಲು ಹೀರಿದ್ದು ಖರೆ, ಆದರೆ ನಿಲುವಂಗಿ ಸಡಿಲವಾಗಿದ್ದರಿಂದ ಆ ಬಿಸಿ ಚರ್ಮ ಮುಟ್ಟುವ ಮೊದಲೇ ಗಾಳಿಗೆ ಹೋಗಿತ್ತು. ಬಿಳಿ ತೊಟ್ಟವರಿಗೂ ಕಪ್ಪು ತೊಟ್ಟವರಿಗೂ ಮೈಗೆ ತಟ್ಟಿದ ಬಿಸಿ ಒಂದೇ. ಬಿಗಿಯಾದ ಕಪ್ಪು ಟೀ ಶರ್ಟಿಗೆ ಈ ಮಾಫಿ ಇಲ್ಲ. ಬಿಸಿಲಲ್ಲಿ ಬಿಗಿ ಹಾಕುವುದೇ ಆದರೆ ತಿಳಿ ಬಣ್ಣ ಹಾಕಿ.

ಇನ್ನು ಊದಿ ನೋಡಿ. ಒಣ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಉಸಿರು ಆಚೆ ಇರುವ ಅಂಗೈಗೆ ತಾಗಿದರೆ ಒಳ್ಳೆಯದು. ಕೆನ್ನೆ ಉಬ್ಬಿ ಗಾಳಿ ಪಕ್ಕಕ್ಕೆ ಹೋದರೆ ಆ ಬಟ್ಟೆ ಓಟಕ್ಕಲ್ಲ. ಎದೆಯ ಮೇಲೆ ದೊಡ್ಡ ರಬ್ಬರ್ ಪ್ರಿಂಟ್ ಇರುವ ಟೀ ಶರ್ಟುಗಳು ಇಲ್ಲೇ ಸಿಕ್ಕಿಬೀಳುತ್ತವೆ. ಟೂರ್ನಮೆಂಟಿನಲ್ಲಿ ಪುಕ್ಕಟೆ ಹಂಚುವ ಅಂಗಿಗಳು ಬಹುಪಾಲು ಇಂಥವೇ. ಪ್ರಿಂಟ್ ಇರುವಷ್ಟು ಜಾಗ ಪ್ಲಾಸ್ಟಿಕ್ ಹಾಳೆ ಅಂಟಿಸಿದಂತೆ.

ಹನಿ ಹಾಕಿ ನೋಡಿ. ಒಳಬದಿಯ ಮೇಲೆ ಒಂದು ಹನಿ ನೀರು ಬಿಡಿ. ಕ್ಷಣದಲ್ಲಿ ಹರಡಿ ಅಗಲವಾದರೆ ಬೆವರೂ ಹಾಗೇ ಹರಡಿ ಬೇಗ ಆರುತ್ತದೆ. ಮುತ್ತಿನಂತೆ ನಿಂತರೆ ಬೆವರು ಚರ್ಮದ ಮೇಲೆಯೇ ಉಳಿಯುತ್ತದೆ. ಮೊದಲು ಹರಡುತ್ತಿದ್ದ ಅಂಗಿ ಈಗ ಹರಡುತ್ತಿಲ್ಲ ಎಂದಾದರೆ, ಘಮಘಮ ಎನ್ನಲಿ ಎಂದು ಹಾಕುವ ಬಟ್ಟೆ ಕಂಡೀಷನರ್ ಮೇಲೆ ನನ್ನ ಮೊದಲ ಅನುಮಾನ. ಅದು ಎಳೆಗಳ ಮೇಲೆ ಜಿಡ್ಡಿನ ಪೊರೆ ಬಿಡುತ್ತದೆ. ಕಂಡೀಷನರ್ ಬಿಟ್ಟು, ಸೋಪು ಕಡಿಮೆ ಹಾಕಿ, ನಾಲ್ಕೈದು ಸಲ ಚೆನ್ನಾಗಿ ಜಾಲಾಡಿಸಿದರೆ ಬಹಳಷ್ಟು ಅಂಗಿಗಳು ಸರಿಯಾಗುತ್ತವೆ. ನಮ್ಮ ಕಡೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಕರಗದೆ ಬಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಜಾಲಾಡಿಸುವುದರ ಮೇಲೆ ಇಷ್ಟು ಒತ್ತು ಕೊಡುತ್ತಿದ್ದೇನೆ.

ಕೊನೆಯದು ತೂಕದ ಪರೀಕ್ಷೆ. ಇದನ್ನು ಮಾಡಿದವರಿಗೆ ಮತ್ತೆ ಯಾರೂ ತಿಳಿಹೇಳಬೇಕಿಲ್ಲ. ಓಟಕ್ಕೆ ಮುಂಚೆ ಕಡಿಮೆ ಬಟ್ಟೆಯಲ್ಲಿ ನಿಮ್ಮ ತೂಕ, ಅಡುಗೆಮನೆ ತಕ್ಕಡಿಯಲ್ಲಿ ಒಣ ಅಂಗಿಯ ತೂಕ ಬರೆದಿಡಿ. ಓಡಿ ಬಂದು ಮೈ ಒರೆಸಿಕೊಂಡು ಎರಡನ್ನೂ ಮತ್ತೆ ತೂಗಿ. ನಿಮ್ಮ ತೂಕ 900 ಗ್ರಾಂ ಇಳಿದು, ನಡುವೆ 300 ಮಿಲಿ ನೀರು ಕುಡಿದಿದ್ದರೆ ಬೆವರು ಸುಮಾರು 1.2 ಲೀಟರ್. ಅಂಗಿ 300 ಗ್ರಾಂ ಏರಿದ್ದರೆ ಕಾಲು ಭಾಗ ಬೆವರು ಅಂಗಿಯಲ್ಲೇ ಕೂತಿದೆ, ನಿಮ್ಮನ್ನು ತಣಿಸಿಲ್ಲ. ಬೇರೆ ಅಂಗಿಯಲ್ಲಿ, ಅದೇ ಹೊತ್ತಿಗೆ, ಅದೇ ದೂರ ಓಡಿ ಹೋಲಿಸಿ.

ಹತ್ತಿಯೋ ಪಾಲಿಯೆಸ್ಟರೋ ಎಂಬ ಪ್ರಶ್ನೆಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಒಣಗಿದಂತೆ ಕಾಣುವ 100 ಗ್ರಾಂ ಹತ್ತಿಯ ಎಳೆಯೊಳಗೂ ಗಾಳಿಯಿಂದ ಹೀರಿದ ಸುಮಾರು 8 ಗ್ರಾಂ ತೇವ ಇರುತ್ತದೆ. ಪಾಲಿಯೆಸ್ಟರ್ ಎಳೆಯಲ್ಲಿ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಅದಕ್ಕೇ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಹತ್ತಿ ಒದ್ದೆ ಹಿಡಿದು ಭಾರವಾಗುತ್ತದೆ. ಆದರೆ ನಮ್ಮ ಊರಿನ ಬೇಸಿಗೆಯ ಒಣ ಗಾಳಿಯಲ್ಲಿ ತೆಳು ಹತ್ತಿಯೂ ಚಟಪಟ ಆರುತ್ತದೆ, ನಡಿಗೆಗೆ ಧಾರಾಳ ಸಾಕು. ಗಂಟೆಗಟ್ಟಲೆ ಓಡುವವರಿಗೆ, ಮಳೆಗಾಲದ ಬೆಳಗಾವಿಯವರಿಗೆ ತೆಳು ಪಾಲಿಯೆಸ್ಟರ್ ಲೇಸು. ದಪ್ಪ ಪಾಲಿಯೆಸ್ಟರಿಗಿಂತ ತೆಳು ಹತ್ತಿ ಯಾವತ್ತೂ ಮೇಲು. ಅಂಗಡಿಯಲ್ಲಿ ಬ್ರ್ಯಾಂಡ್ ಕೇಳುವ ಬದಲು ಜಿಎಸ್ಎಂ ಎಷ್ಟು ಎಂದು ಕೇಳಿ. ಚದರ ಮೀಟರ್ ಬಟ್ಟೆಯ ತೂಕ ಅದು. 180ರ ಟೀ ಶರ್ಟು ಕಾಲೇಜಿಗೆ ಸರಿ. ಓಟಕ್ಕೆ 140ರ ಒಳಗಿನದನ್ನು ಆರಿಸಿ.

ಹೆಣ್ಣುಮಕ್ಕಳು ಚೂಡಿದಾರ, ವೇಲು, ಬುರ್ಖಾ, ಸೀರೆಯಲ್ಲೇ ನಡೆಯುವುದು ನಮ್ಮಲ್ಲಿ ಮಾಮೂಲು. ಬಟ್ಟೆ ಬದಲಿಸದೆಯೂ ಬಹಳ ಸುಧಾರಿಸಬಹುದು. ಹೊರಗಿನ ಪದರ ತೆಳು, ಸಡಿಲ, ಗಾಳಿ ಆಡುವಂಥದ್ದಿರಲಿ. ಒಳಗೆ ಮತ್ತೊಂದು ಪೂರ್ತಿ ಉಡುಪು ಬೇಡ. ಬೆವರು ಹೆಚ್ಚು ನಿಲ್ಲುವುದು ಒಳಉಡುಪಿನಲ್ಲಿ, ಅದರಲ್ಲೂ ಸ್ಪಂಜು ತುಂಬಿದ ಬ್ರಾದಲ್ಲಿ. ಕೈಯಲ್ಲಿ ಇರುವಷ್ಟು ದುಡ್ಡಿಗೆ ಒಂದೇ ವಸ್ತು ಕೊಳ್ಳಬೇಕಾದರೆ ಸ್ಪಂಜಿಲ್ಲದ ಒಳ್ಳೆಯ ಸ್ಪೋರ್ಟ್ಸ್ ಬ್ರಾ ಕೊಳ್ಳಿ, ಟೀ ಶರ್ಟು ಆಮೇಲಾಯಿತು.

## ಬೆವರೇ ಕಾಣುವುದಿಲ್ಲ, ಅಂಗಿ ಮೇಲೆ ಬಿಳಿ ಗೆರೆ

ವಿಜಯಪುರ, ಬಾಗಲಕೋಟೆಯ ಒಣ ಹವೆಯಲ್ಲಿ ಇದು ಮೋಸಗೊಳಿಸುವ ಲಕ್ಷಣ. ಸೈಕಲ್ ಹೊಡೆಯುವವರಿಗೆ ಇನ್ನೂ ಹೆಚ್ಚು. ಎದುರುಗಾಳಿಗೆ ಬೆವರು ಹುಟ್ಟಿದಲ್ಲೇ ಆರಿ ಹೋಗುತ್ತದೆ, ಉಪ್ಪು ಮಾತ್ರ ಬೆನ್ನಿನ ಮೇಲೆ ನಕ್ಷೆ ಬರೆಯುತ್ತದೆ. ಚಹಾ ಕುಡಿಯಲು ಸೈಕಲ್ ನಿಲ್ಲಿಸಿದ ಕೂಡಲೇ ಬೆವರು ದಳದಳ ಸುರಿಯುತ್ತದೆ, ಯಾಕೆಂದರೆ ಗಾಳಿ ನಿಂತಿತು, ಬೆವರು ನಿಂತಿಲ್ಲ. ಇಲ್ಲಿ ಅಂಗಿ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಕೊರತೆ ನೀರಿನದು. ಬೆವರು ಕಾಣದಿದ್ದರಿಂದ ಬಾಯಾರಿಕೆಯನ್ನು ಜನ ಅಲಕ್ಷ್ಯ ಮಾಡುತ್ತಾರೆ.

ಮೇಲಿನ ತೂಕದ ಪರೀಕ್ಷೆಯೇ ಇಲ್ಲೂ ಉತ್ತರ ಕೊಡುತ್ತದೆ. 60 ಕೆಜಿಯವರು ಒಂದು ಓಟದಲ್ಲಿ 1.2 ಕೆಜಿಗಿಂತ ಹೆಚ್ಚು ಇಳಿಯಬಾರದು, ಅಂದರೆ ನೂರಕ್ಕೆ ಎರಡರಷ್ಟು. ಮೂತ್ರ ಗಾಢ ಹಳದಿ, ತಲೆನೋವು, ಮೀನಖಂಡ ಹಿಡಿಯುವುದು ಕಂಡರೆ ನಿಂತು ನೀರು, ಮಜ್ಜಿಗೆ, ಓಆರ್‌ಎಸ್ ಕುಡಿಯಿರಿ. ಓಆರ್‌ಎಸ್ ದೊಡ್ಡ ಪಾಕೀಟನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಬೇಕು, ಒಂದು ಲೋಟಕ್ಕಲ್ಲ. ತದ್ವಿರುದ್ಧ ದೋಷವೂ ಉಂಟು. ಓಡಿದ ಮೇಲೆ ತೂಕ ಏರಿದ್ದರೆ ಅತಿಯಾಗಿ ನೀರು ಕುಡಿದಿದ್ದೀರಿ. ಅದರ ಜೊತೆ ಕೈ ಊತ, ವಾಂತಿ, ಗೊಂದಲ ಇದ್ದರೆ ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಇನ್ನಷ್ಟು ನೀರು ಕುಡಿಸದೆ ಆಸ್ಪತ್ರೆಗೆ ಒಯ್ಯಿರಿ.

## "ಜರ್ಕಿನ್ ಹಾಕ್ಕೊಂಡ್ ಓಡಿದ್ರ ತೂಕ ಇಳೀತೈತಿ"

ಈ ಮಾತನ್ನು ಭರ್ತಿಗೆ ಓಡುವ ಹುಡುಗರೂ ಹೇಳುತ್ತಾರೆ, ಗರಡಿಮನೆಯ ಪೈಲ್ವಾನರೂ ಹೇಳುತ್ತಾರೆ. ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಳ್ಳುವುದು, ರಬ್ಬರ್ ಬೆಲ್ಟು, ಮೇ ತಿಂಗಳಲ್ಲಿ ಮಳೆಗಾಲದ ಜರ್ಕಿನ್. ತಕ್ಕಡಿ ಒಂದು ಕಿಲೋ ಕಡಿಮೆ ತೋರಿಸುವುದು ನಿಜ. ಅದು ಒಂದು ಲೀಟರ್ ನೀರು. ಎರಡು ತಂಬಿಗೆ ನೀರು ಕುಡಿದರೆ ವಾಪಸ್ ಬರುತ್ತದೆ. ಕೊಬ್ಬು ಕರಗುವುದು ದುಡಿಮೆಯಿಂದ, ಬೆವರಿನಿಂದ ಅಲ್ಲ. ಜರ್ಕಿನ್ ತೊಟ್ಟು ಬೇಗ ಸುಸ್ತಾದರೆ ದುಡಿಮೆಯೇ ಕಡಿಮೆಯಾಗುತ್ತದೆ.

ಅಮೆರಿಕದಲ್ಲಿ 1997ರ ನವೆಂಬರ್-ಡಿಸೆಂಬರಿನಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು. ಗಾಳಿಯಾಡದ ಸೂಟು ತೊಟ್ಟು, ಬಿಸಿ ಕೋಣೆಯಲ್ಲಿ ಕಸರತ್ತು ಮಾಡಿದ್ದರು, ನೀರು ಬಿಟ್ಟಿದ್ದರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಅಂಥ ಸೂಟುಗಳಿಗೆ ನಿಷೇಧ ಬಂತು. ಸತ್ತವರು ನಮ್ಮ ಹುಡುಗರ ವಯಸ್ಸಿನವರು, ನಮ್ಮ ಹುಡುಗರಿಗಿಂತ ಗಟ್ಟಿಯಾಗಿ ಪಳಗಿದವರು. ನಮ್ಮ ಮೈದಾನದಲ್ಲೂ ಒಬ್ಬ ಹುಡುಗ ಜರ್ಕಿನ್ನಿನಲ್ಲಿ ಓಡಿ, ನಿಂತಾಗ ತನ್ನ ಊರಿನ ಹೆಸರು ಹೇಳಲು ತಡಬಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಜಿಪ್ಪು ಎಳೆದು ನಾಲ್ಕು ಕೊಡ ನೀರು ಹೊಯ್ದೆವು, ಉಳಿದ. ಅವತ್ತಿನಿಂದ ನಾನು ಇದರಲ್ಲಿ ರಾಜಿ ಮಾಡಿಕೊಂಡಿಲ್ಲ. ಈ ದೋಷಕ್ಕೆ ಪರೀಕ್ಷೆ ಇಲ್ಲ, ಒಂದೇ ನಿವಾರಣೆ: ಬಿಚ್ಚಿ ಹಾಕಿ.

## ಓಟ ಮುಗಿದ ಹತ್ತು ನಿಮಿಷಕ್ಕೆ ನಡುಕ

ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯಲ್ಲಿ ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಓಡುವವರ ದೂರು ಇದು. ಡಿಸೆಂಬರಿನ ಮುಂಜಾನೆ ನಮ್ಮಲ್ಲೂ ಕೇಳಿಬರುತ್ತದೆ. ಓಡುವಾಗ ಮೈ ಶಾಖ ಹುಟ್ಟಿಸುತ್ತಿತ್ತು. ನಿಂತ ಮೇಲೆ ಶಾಖ ನಿಂತಿತು, ಒದ್ದೆ ಹತ್ತಿ ಅಂಗಿ ಮಾತ್ರ ಆರುತ್ತಾ ಮೈಯ ಬಿಸಿಯನ್ನು ಎಳೆಯುತ್ತಲೇ ಇದೆ. ಬೇಸಿಗೆಯಲ್ಲಿ ಉಪಕಾರ ಮಾಡುವ ಗುಣವೇ ಇಲ್ಲಿ ಅಪಕಾರ. ಒಣ ಅಂಗಿಯೊಂದನ್ನು ಚೀಲದಲ್ಲಿಟ್ಟುಕೊಂಡು ನಿಂತ ಐದು ನಿಮಿಷದಲ್ಲಿ ಬದಲಿಸಿದರೆ ಸಮಸ್ಯೆ ಮುಗಿಯಿತು. ಮಳೆ ಜಾಕೆಟ್ಟಿನ ಒಳಗೇ ತೊಯ್ದು ಹೋಗುತ್ತಿದ್ದರೆ ಅದು ಮಳೆಯ ನೀರಲ್ಲ, ನಿಮ್ಮ ಬೆವರು. ಜಿಪ್ಪು ಅರ್ಧ ತೆಗೆದು ಓಡಿ. ಚಳಿಗಾಲದಲ್ಲಿ ಹೊರಡುವಾಗ ತುಸು ಚಳಿ ಎನಿಸುವಷ್ಟೇ ತೊಟ್ಟರೆ ಒಂದು ಕಿಲೋಮೀಟರಿಗೆ ಸರಿಹೋಗುತ್ತದೆ.

## ತುರಿಕೆ, ಬೆವರುಸಾಲೆ, ತೊಡೆ ಉಜ್ಜಿ ಉರಿ

ಬೆನ್ನು, ಕುತ್ತಿಗೆಯಲ್ಲಿ ಸಾಸಿವೆ ಕಾಳಿನಂಥ ಚುಚ್ಚುವ ಗುಳ್ಳೆಗಳು ಬೆವರುಸಾಲೆ. ಬೆವರಿನ ನಾಳಗಳು ಮುಚ್ಚಿಕೊಂಡಿವೆ. ಬಿಗಿ ಬಟ್ಟೆ ಬಿಟ್ಟು, ತಣ್ಣೀರು ಸ್ನಾನ ಮಾಡಿ, ಮೈ ಆರಲು ಬಿಟ್ಟರೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಜಾಸ್ತಿ ಹರಡಿದಾಗ ಆ ಜಾಗದಲ್ಲಿ ಬೆವರೇ ಬಾರದು, ಆ ದಿನಗಳಲ್ಲಿ ಬಿಸಿಲ ಓಟ ಬೇಡ. ತೊಡೆಯ ಒಳಬದಿ, ಮೊಲೆತೊಟ್ಟು, ಕಂಕುಳು ಕೆಂಪಾಗಿ ಉರಿದರೆ ಅದು ಉಜ್ಜುಗಾಯ. ಹೊಲಿಗೆ ಎಲ್ಲಿದೆ ನೋಡಿ, ಓಟಕ್ಕೆ ಮುಂಚೆ ವ್ಯಾಸಲೀನ್ ಸವರಿ.

ಉಂಗುರದಂತೆ ಅಂಚು ಕಟ್ಟಿ ಹರಡುತ್ತಿದ್ದರೆ ಅದು ಹುಳಕಡ್ಡಿ, ಶಿಲೀಂಧ್ರದ ಸೋಂಕು. ಒದ್ದೆ ಚಡ್ಡಿಯಲ್ಲೇ ಗಂಟೆಗಟ್ಟಲೆ ಕೂತವರಿಗೆ ಹೆಚ್ಚು. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ತುರಿಕೆ ನಿಂತು, ಆಮೇಲೆ ಇಮ್ಮಡಿಯಾಗುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ. ಲಂಗೋಟಿ, ಟವೆಲ್ಲು ಹಂಚಿಕೊಳ್ಳಬೇಡಿ.

ಒಗೆದ ಪಾಲಿಯೆಸ್ಟರ್ ಅಂಗಿ ಬೆವರಿದ ಕೂಡಲೇ ಮತ್ತೆ ನಾರುತ್ತದೆಯೇ? ವಾಸನೆ ಹುಟ್ಟಿಸುವ ಕೆಲವು ಬ್ಯಾಕ್ಟೀರಿಯಾ ಹತ್ತಿಗಿಂತ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆಯುತ್ತವೆ. ಓಡಿ ಬಂದ ಕೂಡಲೇ ನೀರಿಗೆ ಹಾಕಿ, ಒಳಬದಿ ಮೇಲೆ ಮಾಡಿ ಒಗೆದು, ಬಿಸಿಲಿಗೆ ಹರವಿ. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ.

## ಅಂಗಿ ಬದಲಿಸಿದರೂ ಹೋಗುತ್ತಿಲ್ಲ

ಮೊದಲ ಪ್ರಶ್ನೆ: ಬಿಸಿಲಿಗೆ ಹೊಸಬರೇ? ಬೆಂಗಳೂರಿನಿಂದ ರಜೆಗೆ ಬಂದವರು, ಜ್ವರದಿಂದ ಎದ್ದವರು, ಎರಡು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದವರಿಗೆ ಮೈ ಪಳಗಲು 10ರಿಂದ 14 ದಿನ ಬೇಕು. ಪಳಗಿದ ಮೈ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಆದರೆ ಬೆವರಿನಲ್ಲಿ ಉಪ್ಪು ಕಡಿಮೆ. ಆದ್ದರಿಂದ ಮೊದಲಿಗಿಂತ ಬೇಗ ಬೆವರು ಬರುತ್ತಿದೆ ಎಂದು ಗಾಬರಿಯಾಗಬೇಡಿ, ಯಂತ್ರ ಸುಧಾರಿಸಿದೆ. ಜ್ವರ, ಭೇದಿ, ನಿದ್ದೆಗೆಟ್ಟ ರಾತ್ರಿಯ ಮರುದಿನ ಮಾತ್ರ ಓಡಲೇಬೇಡಿ.

ಎರಡನೆಯದು ಗುಳಿಗೆ. ನೆಗಡಿ, ಅಲರ್ಜಿಗೆ ಕೊಡುವ ನಿದ್ದೆ ಬರಿಸುವ ಗುಳಿಗೆಗಳು ಬೆವರು ಕಡಿಮೆ ಮಾಡಬಹುದು. ಬಿಪಿಯ ಮೂತ್ರದ ಗುಳಿಗೆ ಮೈಯ ನೀರು ಇಳಿಸುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಓಡುತ್ತೇನೆ ಎಂದು ಡಾಕ್ಟರಿಗೆ ಹೇಳಿ.

ಫ್ಯಾನ್ ಕೆಳಗೆ ಕೂತರೂ ಸೆಕೆ, ಕೈ ನಡುಕ, ಎದೆಬಡಿತ, ಚೆನ್ನಾಗಿ ಉಂಡರೂ ತೂಕ ಇಳಿಕೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಜೊತೆಗೆ ಎರಡು ವಾರ ದಾಟಿದ ಕೆಮ್ಮು ಇದ್ದರೆ ಕ್ಷಯ (ಟಿಬಿ) ಇರಬಹುದು, ಕಫ ಪರೀಕ್ಷೆ ತಡಮಾಡಬೇಡಿ. ಸಕ್ಕರೆ ಕಾಯಿಲೆಯವರಿಗೆ ನಡೆಯುವಾಗ ಇದ್ದಕ್ಕಿದ್ದಂತೆ ತಣ್ಣನೆ ಬೆವರು, ಕೈಕಾಲು ನಡುಕ ಬಂದರೆ ಸಕ್ಕರೆ ಇಳಿದಿರಬಹುದು. ಮೊದಲು ಸಕ್ಕರೆ ಇಲ್ಲವೇ ಗ್ಲುಕೋಸ್ ಬಾಯಿಗೆ, ಆಮೇಲೆ ಮಾತು.

ಮತ್ತೊಂದನ್ನು ಹೇಳದೆ ಬಿಡಲಾರೆ. ಮೈಯೆಲ್ಲ ಬೆವರುವಾಗ ಒಂದು ತಿಳಿಬಣ್ಣದ ಮಚ್ಚೆ ಮಾತ್ರ ಒಣಗಿಯೇ ಉಳಿದಿದ್ದರೆ, ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ, ಅದು ಕುಷ್ಠರೋಗದ ಮೊದಲ ಗುರುತಾಗಿರಬಹುದು. ಅಂಗಿ ಬಿಚ್ಚಿ ಬೆನ್ನು ಒರೆಸುವಾಗ ಪಕ್ಕದವರ ಕಣ್ಣಿಗೇ ಇದು ಮೊದಲು ಬೀಳುತ್ತದೆ. ಕಂಡವರು ಮರೆಯಲ್ಲಿ ಕರೆದು ಹೇಳಿ. ಔಷಧಿ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಪೂರ್ತಿ ಗುಣವಾಗುತ್ತದೆ, ಬೇಗ ಹೋದರೆ ಕೈಕಾಲಿಗೆ ಊನ ಬರುವುದಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ನೀವು ತೂಕ ಬರೆದಿಟ್ಟ ಚೀಟಿಯನ್ನೂ, ತೆಗೆದುಕೊಳ್ಳುವ ಎಲ್ಲ ಗುಳಿಗೆಗಳ ಪಾಕೀಟನ್ನೂ ಒಯ್ಯಿರಿ. ಯಾವ ಹೊತ್ತಿಗೆ ಓಡಿದಿರಿ, ಏನು ತೊಟ್ಟಿದ್ದಿರಿ, ಎಷ್ಟು ಕುಡಿದಿರಿ ಎಂಬುದು ಅದರಲ್ಲಿ ಇರಲಿ.